ಹೊಲಿಗೆ ಯಂತ್ರ ಕೊನೆಗೆ: ಮಹಿಳಾ ಉದ್ಯಮಿಗಳಿಗೆ ಸೇವಾ ಕ್ಲಬ್ ನೆರವಾಗುವ ಕ್ರಮ, ಹಂತ ಹಂತವಾಗಿ

ದಾವಣಗೆರೆ, ಹರಿಹರ, ಚಿತ್ರದುರ್ಗದ ಸೇವಾ ಕ್ಲಬ್‌ಗಳು ಮಹಿಳಾ ಉದ್ಯಮಿಗಳಿಗೆ ನೆರವು ಎಂದಾಗ ಸಾಮಾನ್ಯವಾಗಿ ಮೂರು ಕೆಲಸ ಮಾಡುತ್ತವೆ: ಹೊಲಿಗೆ ಯಂತ್ರ ಹಂಚುತ್ತವೆ, ಎರಡು ದಿನದ ಮಾರಾಟ ಮೇಳ ಮಾಡುತ್ತವೆ, ಶಾಲು ಹೊದಿಸಿ ಸನ್ಮಾನಿಸುತ್ತವೆ. ಆರು ತಿಂಗಳ ಮೇಲೆ ಮನೆಗೆ ಹೋಗಿ ನೋಡಿದರೆ ಯಂತ್ರದ ಮೇಲೆ ಬಟ್ಟೆ ಗಂಟು ಇರುತ್ತದೆ, ಮೇಳದಲ್ಲಿ ಚಟ್ನಿಪುಡಿ ಮಾರಿದವರು ಮತ್ತೆ ಮನೆಗಷ್ಟೇ ಕುಟ್ಟಿಕೊಳ್ಳುತ್ತಿರುತ್ತಾರೆ. ಹಣ ಸಾಲದೆ ಹೀಗಾಗುವುದು ಕಡಿಮೆ. ಕೆಲಸದ ಕ್ರಮ ತಲೆಕೆಳಗಾಗಿರುವುದರಿಂದಲೇ ಹೆಚ್ಚು. ಯಂತ್ರ ಮೊದಲು ಬರುತ್ತದೆ, ಗಿರಾಕಿ ಬರುವುದೇ ಇಲ್ಲ.

ಸರಿಯಾದ ಕ್ರಮ ಇದು: ಆಯ್ಕೆ, ಬೆಲೆ ಲೆಕ್ಕ, ಕಾಗದಪತ್ರ, ಪ್ಯಾಕಿಂಗ್, ಮೇಳ, ಮರು ಆರ್ಡರ್, ಸಾಲ, ಎಲ್ಲಕ್ಕಿಂತ ಕೊನೆಗೆ ಯಂತ್ರ. ರೋಟರಿ, ಲಯನ್ಸ್, ಇನ್ನರ್ ವ್ಹೀಲ್‌ಗಳ ವರ್ಷ ಜುಲೈ 1ಕ್ಕೆ ಶುರುವಾಗಿ ಜೂನ್ 30ಕ್ಕೆ ಮುಗಿಯುತ್ತದೆ. ಕೆಳಗಿನ ಹಂತಗಳು ಆ ಕ್ಯಾಲೆಂಡರಿಗೆ ಹೊಂದುವಂತಿವೆ.

## ಶುರು ಮಾಡುವ ಮುನ್ನ ಕೈಯಲ್ಲಿರಬೇಕಾದದ್ದು

ಕ್ಲಬ್ಬಿನಿಂದ ಮೂವರು ಬೇಕು. ಒಬ್ಬರಿಗೆ ಲೆಕ್ಕ ಬರಬೇಕು, ಒಬ್ಬರಿಗೆ ಬ್ಯಾಂಕಿನ ವ್ಯವಹಾರ ಗೊತ್ತಿರಬೇಕು, ಮೂರನೆಯವರು ವಾರಕ್ಕೊಮ್ಮೆ ಮನೆಮನೆಗೆ ಹೋಗಿ ಬರುವವರಾಗಿರಬೇಕು. ಮೂರನೆಯವರು ಮಹಿಳೆಯೇ ಆಗಿದ್ದರೆ ಒಳ್ಳೆಯದು. ಅಡುಗೆಮನೆಯ ಒಳಗೆ ನಿಂತು ನೋಡದೆ ಈ ಕೆಲಸ ಆಗುವುದಿಲ್ಲ. ಇವರಲ್ಲಿ ಕನಿಷ್ಠ ಇಬ್ಬರು ಮುಂದಿನ ವರ್ಷವೂ ಇದೇ ಕೆಲಸದಲ್ಲಿರುತ್ತಾರೆ ಎಂದು ಮೊದಲ ಸಭೆಯಲ್ಲೇ ನಡಾವಳಿಯಲ್ಲಿ ಬರೆಸಿ.

ಸಾಮಾನು ಹೆಚ್ಚೇನಿಲ್ಲ. ಸೀಲ್ ಹಾಕಿದ ಎಲೆಕ್ಟ್ರಾನಿಕ್ ತಕ್ಕಡಿ ಒಂದು, ಕೈಯಿಂದ ಒತ್ತುವ ಪ್ಯಾಕೆಟ್ ಸೀಲರ್ ಎರಡು, ಒಬ್ಬೊಬ್ಬರಿಗೂ ಒಂದು ನೋಟ್‌ಬುಕ್ ಮತ್ತು ಒಂದು ಫೈಲ್.

## ಹಂತ 1: ಆಯ್ಕೆ (ಜುಲೈ)

ಹದಿನೈದು ಜನ ಸಾಕು. ಐವತ್ತು ಜನರ ಪಟ್ಟಿ ವರದಿಯಲ್ಲಿ ಚೆನ್ನಾಗಿ ಕಾಣುತ್ತದೆ, ಆದರೆ ಮೂವರು ಸೇರಿ ಐವತ್ತು ಮನೆಗೆ ಹೋಗಿಬರಲು ಆಗುವುದಿಲ್ಲ.

ಈಗಾಗಲೇ ಏನನ್ನಾದರೂ ಮಾರುತ್ತಿರುವವರನ್ನೇ ಆರಿಸಿ. ನಿಟುವಳ್ಳಿಯಲ್ಲಿ ಅಕ್ಕಪಕ್ಕದ ಮನೆಗಳಿಗೆ ಖಡಕ್ ರೊಟ್ಟಿ ಬಡಿದುಕೊಡುವವರು, ಕೆ.ಟಿ.ಜೆ. ನಗರದಲ್ಲಿ ಬ್ಲೌಸ್ ಹೊಲಿಯುವವರು, ಜಗಳೂರು ಕಡೆಯಿಂದ ಶ್ಯಾವಿಗೆ, ಸಂಡಿಗೆ ತಂದು ಕೊಡುವವರು. ತಿಂಗಳಿಗೆ ಸಾವಿರ ರೂಪಾಯಿಯದಾದರೂ ಮಾರಾಟ ಇರುವವರಿಗೆ ಗಿರಾಕಿ ಎಂದರೇನು ಎಂದು ಗೊತ್ತಿರುತ್ತದೆ. ಏನೂ ಶುರು ಮಾಡದವರಿಗೆ ಬೇಕಿರುವುದು ತರಬೇತಿ. ಅದಕ್ಕೆ ದಾವಣಗೆರೆ ಜಿಲ್ಲೆಯಲ್ಲಿ ಕೆನರಾ ಬ್ಯಾಂಕಿನ ಗ್ರಾಮೀಣ ಸ್ವ ಉದ್ಯೋಗ ತರಬೇತಿ ಸಂಸ್ಥೆ, ಚಿತ್ರದುರ್ಗದಲ್ಲಿ ರುಡ್‌ಸೆಟ್ ಸಂಸ್ಥೆ ಇವೆ. ಊಟ, ವಸತಿ ಸಹಿತ ಉಚಿತವಾಗಿ ಕಲಿಸುತ್ತವೆ. ಅಂಥವರ ಅರ್ಜಿ ತುಂಬಿಸಿ ಅಲ್ಲಿಗೆ ಕಳಿಸಿ. ಆ ಕೆಲಸವನ್ನು ಕ್ಲಬ್ ಎರಡನೇ ಸಲ ಮಾಡಬೇಕಿಲ್ಲ.

ಮನೆಗೆ ಹೋದಾಗ ನಾಲ್ಕು ಸಂಗತಿ ಕೇಳಿ ಬರೆದುಕೊಳ್ಳಿ: ದಿನಕ್ಕೆ ಎಷ್ಟು ಗಂಟೆ ಬಿಡುವು ಸಿಗುತ್ತದೆ, ಕಳೆದ ತಿಂಗಳು ಯಾರು ಯಾರು ಕೊಂಡರು, ಹಣ ಯಾರ ಕೈಗೆ ಹೋಯಿತು, ಈಗ ಎಷ್ಟು ಸಂಘದ ಸಾಲ ಇದೆ. ಕೊನೆಯ ಪ್ರಶ್ನೆಗೆ ಮೊದಲ ಭೇಟಿಯಲ್ಲಿ ನಿಜವಾದ ಉತ್ತರ ಸಿಗುವುದು ಕಷ್ಟ. ಒತ್ತಾಯ ಮಾಡಬೇಡಿ, ಎರಡನೇ ಸಲ ಹೋದಾಗ ಕೇಳಿ.

ಎಚ್ಚರಿಕೆಯ ಲಕ್ಷಣ: ಮಾತೆಲ್ಲ ಗಂಡನೋ ಮೈದುನನೋ ಆಡುತ್ತಿದ್ದು, ಆ ಹೆಣ್ಣುಮಗಳು ಬಾಗಿಲ ಬಳಿ ನಿಂತು ಕೇಳಿಸಿಕೊಳ್ಳುತ್ತಿದ್ದರೆ ಅಲ್ಲಿ ಉದ್ಯಮಿ ಅವರಲ್ಲ. ಅವರೊಬ್ಬರೇ ಇರುವಾಗ ಇನ್ನೊಮ್ಮೆ ಹೋಗಿ ಮಾತಾಡಿ, ಆಮೇಲೆ ತೀರ್ಮಾನಿಸಿ.

## ಹಂತ 2: ಬೆಲೆ ಲೆಕ್ಕ (ಜುಲೈ ಕೊನೆ, ಆಗಸ್ಟ್)

ಎಷ್ಟೋ ಉದ್ಯಮ ಸೋಲುವುದು ಇಲ್ಲೇ. ಆದ್ದರಿಂದ ಇದಕ್ಕೆ ಅವಸರ ಬೇಡ. ಒಬ್ಬೊಬ್ಬರ ಜೊತೆ ಕೂತು, ಅವರ ನೋಟ್‌ಬುಕ್ಕಿನಲ್ಲಿ, ಅವರ ಕೈಯಿಂದಲೇ ಬರೆಸಿ.

ಶೇಂಗಾ ಚಟ್ನಿಪುಡಿಯ ಒಂದು ಬ್ಯಾಚ್ ತೆಗೆದುಕೊಳ್ಳೋಣ. ದರಗಳು ಉದಾಹರಣೆಗೆ ಮಾತ್ರ. ನಿಮ್ಮ ವಾರದ ಮಾರುಕಟ್ಟೆ ದರ ಹಾಕಿಕೊಳ್ಳಿ. ಶೇಂಗಾ 4 ಕೆಜಿಗೆ 600 ರೂಪಾಯಿ, ಖಾರದಪುಡಿ 300 ಗ್ರಾಂಗೆ 150, ಬೆಳ್ಳುಳ್ಳಿ ಅರ್ಧ ಕೆಜಿಗೆ 80, ಜೀರಿಗೆ, ಉಪ್ಪು, ಬೆಲ್ಲ, ಹುಣಸೆ ಸೇರಿ 70. ಒಟ್ಟು ಸಾಮಗ್ರಿ 900. ಹುರಿದು ಸಿಪ್ಪೆ ತೆಗೆದಾಗ ಶೇಂಗಾ ತೂಕ ಇಳಿಯುತ್ತದೆ, ಮಿಕ್ಸಿಗೂ ಸ್ವಲ್ಪ ಅಂಟಿ ಹೋಗುತ್ತದೆ. ಕೈಗೆ 4.6 ಕೆಜಿ ಪುಡಿ ಬಂತು ಎನ್ನಿ, ಅಂದರೆ 200 ಗ್ರಾಂನ 23 ಪ್ಯಾಕೆಟ್.

ಹೆಚ್ಚಿನವರು 900ನ್ನು 23ಕ್ಕೆ ಭಾಗಿಸಿ, ಪ್ಯಾಕೆಟ್ಟಿಗೆ 39 ರೂಪಾಯಿ ಬಿತ್ತು, 50ಕ್ಕೆ ಮಾರಿದರೆ 11 ರೂಪಾಯಿ ಲಾಭ ಅಂದುಕೊಳ್ಳುತ್ತಾರೆ. ಈಗ ಬಿಟ್ಟುಹೋದದ್ದನ್ನು ಸೇರಿಸಿ: ಗ್ಯಾಸ್ ಮತ್ತು ಕರೆಂಟಿಗೆ 60, ಕವರ್ ಮತ್ತು ಲೇಬಲ್ ತಲಾ 6 ರೂಪಾಯಿಯಂತೆ 138, ಆಟೋ ಅಥವಾ ಬಸ್ಸಿಗೆ 40. ಖರ್ಚು 1,138 ಆಯಿತು. 50ರಂತೆ 23 ಪ್ಯಾಕೆಟ್ ಮಾರಿದರೆ ಬರುವುದು 1,150. ಆರು ಗಂಟೆ ಒಲೆ ಮುಂದೆ ನಿಂತದ್ದಕ್ಕೆ ಉಳಿದದ್ದು 12 ರೂಪಾಯಿ. ಈ ಅಂಕಿಯನ್ನು ಅವರೇ ಬರೆದು ನೋಡಿದ ದಿನ ಬೆಲೆಯ ಬಗ್ಗೆ ವಾದ ನಿಲ್ಲುತ್ತದೆ.

ಸರಿಯಾದ ಲೆಕ್ಕಕ್ಕೆ ಕೂಲಿ ಸೇರಿಸಿ: 6 ಗಂಟೆಗೆ 60ರಂತೆ 360. ಒಟ್ಟು 1,498, ಪ್ಯಾಕೆಟ್ಟಿಗೆ ಸುಮಾರು 65. ಒಡೆದದ್ದು, ಸ್ಯಾಂಪಲ್ ಕೊಟ್ಟದ್ದು ಎಂದು 3 ರೂಪಾಯಿ. ಲಾಭ 10. ಅಂಗಡಿಗೆ ಕೊಡುವ ಬೆಲೆ 78 ಆಯಿತು.

ಎಂಆರ್‌ಪಿ ಹಾಕುವಾಗ ಇನ್ನೊಂದು ತಪ್ಪು ಪದೇ ಪದೇ ಆಗುತ್ತದೆ. ಅಂಗಡಿಯವರು ಶೇ. 20 ಕಮಿಷನ್ ಕೇಳಿದರೆ ಅದು ಎಂಆರ್‌ಪಿಯ ಮೇಲೆ, ನಿಮ್ಮ ಬೆಲೆಯ ಮೇಲಲ್ಲ. 78ಕ್ಕೆ ಶೇ. 20 ಕೂಡಿಸಿ 94 ಎಂದು ಮುದ್ರಿಸಿದರೆ ಅಂಗಡಿಯವರು 94ರ ಶೇ. 20, ಅಂದರೆ 19 ರೂಪಾಯಿ ಹಿಡಿದುಕೊಂಡು 75 ಕೊಡುತ್ತಾರೆ. ಪ್ಯಾಕೆಟ್ಟಿಗೆ 3 ರೂಪಾಯಿ ಹೋಯಿತು. 78ನ್ನು 0.8ರಿಂದ ಭಾಗಿಸಿ, 97.50 ಬರುತ್ತದೆ, 98 ಅಥವಾ 100 ಹಾಕಿ. ನೇರವಾಗಿ ಮನೆಯಿಂದ ಮಾರುವಾಗಲೂ ಅದೇ ಬೆಲೆ ಇರಲಿ. ಮನೆಯಲ್ಲಿ 70ಕ್ಕೆ ಸಿಗುವುದು ಗೊತ್ತಾದರೆ ಅಂಗಡಿಯವರು ಮರುದಿನವೇ ಸರಕು ವಾಪಸ್ ಕಳಿಸುತ್ತಾರೆ.

ಹೊಲಿಗೆಯವರಿಗೂ ಇದೇ ಲೆಕ್ಕ. ದಾರ, ಹುಕ್ಕು, ಲೈನಿಂಗ್, ಫಾಲ್ ಜೊತೆಗೆ ಮೆಷಿನ್ ಎಣ್ಣೆ, ಸೂಜಿ, ವರ್ಷಕ್ಕೊಮ್ಮೆ ಸರ್ವಿಸ್ ಖರ್ಚನ್ನೂ ಬ್ಲೌಸಿನ ಲೆಕ್ಕಕ್ಕೆ ಹಂಚಬೇಕು. ಆಲ್ಟರ್ ಮಾಡಿಕೊಡುವ ಸಮಯವನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ, ಹಿಡಿಯಲೇಬೇಕು.

## ಹಂತ 3: ಕಾಗದಪತ್ರ (ಆಗಸ್ಟ್)

ಕ್ರಮ ತಪ್ಪಿದರೆ ಅಲೆದಾಟ ಹೆಚ್ಚುತ್ತದೆ. ಮೊದಲು ಆಧಾರ್, ಪ್ಯಾನ್, ಬ್ಯಾಂಕ್ ಪಾಸ್‌ಬುಕ್ ಮೂರನ್ನೂ ಮೇಜಿನ ಮೇಲೆ ಒಟ್ಟಿಗೆ ಇಟ್ಟು ಹೆಸರು ಓದಿ. ಮದುವೆಗೆ ಮುಂಚಿನ ಇನಿಷಿಯಲ್ ಒಂದರಲ್ಲಿ, ಗಂಡನ ಹೆಸರು ಇನ್ನೊಂದರಲ್ಲಿ ಇರುವುದು ತೀರಾ ಸಾಮಾನ್ಯ. ಆಧಾರ್‌ಗೆ ಜೋಡಿಸಿದ ಮೊಬೈಲ್ ನಂಬರ್ ಅವರ ಬಳಿಯೇ ಇದೆಯೇ ನೋಡಿ. ಮಗನ ಹಳೆಯ ಸಿಮ್ ಆಗಿದ್ದರೆ ಒಟಿಪಿ ಬರುವುದಿಲ್ಲ. ಇವೆರಡನ್ನೂ ಸರಿಪಡಿಸದೆ ಮುಂದಿನ ಯಾವ ಅರ್ಜಿಯನ್ನೂ ಮುಟ್ಟಬೇಡಿ.

ಆಮೇಲೆ ಉದ್ಯಮ್ ನೋಂದಣಿ, ಅಂದರೆ ಕೇಂದ್ರ ಸರ್ಕಾರದಲ್ಲಿ ಸಣ್ಣ ಉದ್ಯಮ ಎಂದು ದಾಖಲಾಗುವುದು. ಇದು ಪೂರ್ತಿ ಉಚಿತ, ಸರ್ಕಾರಿ ಜಾಲತಾಣದಲ್ಲೇ ಆಗುತ್ತದೆ. ಹುಡುಕಿದಾಗ ಮೇಲೆ ಕಾಣುವ, ಅದೇ ಹೆಸರನ್ನು ಹೋಲುವ ಖಾಸಗಿ ತಾಣಗಳು ಸಾವಿರಾರು ರೂಪಾಯಿ ಕೇಳುತ್ತವೆ. ಹಣ ಕೇಳಿದ ಕೂಡಲೇ ಮುಚ್ಚಿ. ಅರ್ಜಿಯಲ್ಲಿ ಹಾಕುವ ಕೆಲಸದ ಕೋಡ್ (ಎನ್‌ಐಸಿ) ಸರಿಯಾಗಿರಲಿ: ಮಸಾಲೆ ಪುಡಿಗೆ 10795, ಹಪ್ಪಳಕ್ಕೆ 10796, ಅಳತೆಗೆ ಹೊಲಿದುಕೊಡುವುದಕ್ಕೆ 14105. ತಪ್ಪು ಕೋಡ್ ಬಿದ್ದರೆ ಸಾಲದ ಹೊತ್ತಿನಲ್ಲಿ ಬ್ಯಾಂಕಿನವರು ಪ್ರಶ್ನೆ ಎತ್ತುತ್ತಾರೆ. ಪ್ಯಾನ್ ಇಲ್ಲದವರಿಗೆ ಉದ್ಯಮ್ ಅಸಿಸ್ಟ್ ಎಂಬ ದಾರಿಯಿದೆ, ಬ್ಯಾಂಕ್ ಮೂಲಕ.

ತಿನ್ನುವ ಪದಾರ್ಥ ಮಾಡುವ ಎಲ್ಲರಿಗೂ ಆಹಾರ ಸುರಕ್ಷತಾ ಪ್ರಾಧಿಕಾರದ (ಎಫ್‌ಎಸ್‌ಎಸ್‌ಎಐ) ನೋಂದಣಿ ಕಡ್ಡಾಯ. ಮನೆಮಟ್ಟದ ಸಣ್ಣ ತಯಾರಕರಿಗೆ ದೊಡ್ಡ ಲೈಸೆನ್ಸ್ ಬೇಕಿಲ್ಲ. ಮೂಲ ನೋಂದಣಿ ಸಾಕು, ಅದರ ಶುಲ್ಕ ವರ್ಷಕ್ಕೆ 100 ರೂಪಾಯಿ. ಅರ್ಜಿ ಪ್ರಾಧಿಕಾರದ ಫಾಸ್ಕಾಸ್ ಪೋರ್ಟಲ್‌ನಲ್ಲಿ. 14 ಅಂಕಿಯ ಸಂಖ್ಯೆ ಬರುತ್ತದೆ, ಅದು ಲೇಬಲ್ ಮೇಲೆ ಇರಬೇಕು.

ಜಿಎಸ್‌ಟಿ ಈ ಹಂತದಲ್ಲಿ ಬೇಡ. ರಾಜ್ಯದೊಳಗೆ ಸರಕು ಮಾರುವವರಿಗೆ ವಾರ್ಷಿಕ ವಹಿವಾಟು 40 ಲಕ್ಷ ದಾಟುವವರೆಗೆ ಅದರ ಅಗತ್ಯವಿಲ್ಲ.

## ಹಂತ 4: ಪ್ಯಾಕಿಂಗ್, ಲೇಬಲ್ (ಸೆಪ್ಟೆಂಬರ್)

ಶೇಂಗಾ ಪುಡಿ ಕೆಡುವುದು ಎರಡು ದಾರಿಯಲ್ಲಿ. ಗಾಳಿ ತಾಗಿ ಎಣ್ಣೆ ಮುಗ್ಗುತ್ತದೆ, ತೇವದಿಂದ ಬೂಷ್ಟು ಹಿಡಿಯುತ್ತದೆ. ಹುರಿದು ಪುಡಿ ಮಾಡಿದ ಕೂಡಲೇ ತುಂಬಿದರೆ ಬಿಸಿ ಆವಿ ಕವರಿನ ಒಳಗೆ ನೀರಾಗಿ ಕೂರುತ್ತದೆ. ಅಗಲ ತಟ್ಟೆಯಲ್ಲಿ ಹರಡಿ, ಪೂರ್ತಿ ಆರಿದ ಮೇಲೆ ತುಂಬಿ. ಹಸಿ ಬೆಳ್ಳುಳ್ಳಿ ಹಾಕಿದ ಪುಡಿ ಬೇಗ ಕೆಡುತ್ತದೆ; ಬೆಳ್ಳುಳ್ಳಿಯ ತೇವ ಹೋಗುವವರೆಗೆ ಹುರಿಯಲೇಬೇಕು. ಸುಕ್ಕುಗಟ್ಟಿದ, ಬಣ್ಣಗೆಟ್ಟ ಶೇಂಗಾ ಕಾಳನ್ನು ಹುರಿಯುವ ಮುನ್ನವೇ ಆರಿಸಿ ತೆಗೆಯಿರಿ. ಅಂಥ ಕಾಳಿನ ಬೂಷ್ಟಿನಲ್ಲಿ ವಿಷಾಂಶ ಇರಬಹುದು, ಹುರಿದರೂ ಅದು ಪೂರ್ತಿ ಹೋಗುವುದಿಲ್ಲ.

ತೆಳು ಪ್ಲಾಸ್ಟಿಕ್ ಕವರ್ ಬೇಡ. ಒಳಪದರ ಇರುವ, ನಿಲ್ಲುವ ಜಿಪ್ ಪೌಚ್ ತಗೊಳ್ಳಿ. ಹದಿನೈದು ಜನರಿಗೂ ಸೇರಿಸಿ ಕ್ಲಬ್ ಒಟ್ಟಿಗೆ ಖರೀದಿಸಿದರೆ ದರ ಇಳಿಯುತ್ತದೆ. ಕ್ಲಬ್ಬಿನ ಹಣ ನಿಜಕ್ಕೂ ಉಪಯೋಗಕ್ಕೆ ಬರುವ ಜಾಗಗಳಲ್ಲಿ ಇದೂ ಒಂದು.

ಪ್ರತಿ ಬ್ಯಾಚಿನಿಂದ ಮೂರು ಪ್ಯಾಕೆಟ್ ತೆಗೆದಿಟ್ಟು 15, 30, 45ನೇ ದಿನ ಒಂದೊಂದನ್ನು ಬಿಚ್ಚಿ ವಾಸನೆ, ಬಣ್ಣ, ರುಚಿ ನೋಡಿ ಬರೆದಿಡಿ. 30ನೇ ದಿನ ಚೆನ್ನಾಗಿದ್ದು 45ಕ್ಕೆ ಮುಗ್ಗಿದ್ದರೆ ಲೇಬಲ್ ಮೇಲೆ 30 ದಿನ ಹಾಕಿ. ಬೇರೆಯವರ ಪ್ಯಾಕೆಟ್ ನೋಡಿ ಮೂರು ತಿಂಗಳು, ಆರು ತಿಂಗಳು ಎಂದು ಬರೆಯುವುದು ಗಿರಾಕಿಗೂ ಅಪಾಯ, ಹೆಸರಿಗೂ ಅಪಾಯ.

ಲೇಬಲ್‌ನಲ್ಲಿ ಇರಬೇಕಾದದ್ದು: ಪದಾರ್ಥದ ಹೆಸರು, ಬಳಸಿದ ಸಾಮಗ್ರಿ ಹೆಚ್ಚಿನದರಿಂದ ಕಡಿಮೆಗೆ, ಶೇಂಗಾ ಇದೆ ಎಂಬ ಅಲರ್ಜಿ ಸೂಚನೆ, ಪೌಷ್ಟಿಕಾಂಶದ ವಿವರ, ನಿವ್ವಳ ತೂಕ, ತಯಾರಿಸಿದ ದಿನ, ಬಳಸಬೇಕಾದ ಕೊನೆಯ ದಿನ, ಬ್ಯಾಚ್ ಸಂಖ್ಯೆ, ಎಲ್ಲ ತೆರಿಗೆ ಸೇರಿದ ಎಂಆರ್‌ಪಿ, ತಯಾರಕರ ಹೆಸರು ವಿಳಾಸ, ದೂರಿಗೆ ಫೋನ್ ನಂಬರ್, ಹಸಿರು ಚುಕ್ಕೆ, ಎಫ್‌ಎಸ್‌ಎಸ್‌ಎಐ ಸಂಖ್ಯೆ. ತಕ್ಕಡಿಗೆ ತೂಕ ಮತ್ತು ಅಳತೆ ಇಲಾಖೆಯ ಸೀಲ್ ಇರಲಿ. ಪ್ಯಾಕ್ ಮಾಡಿ ಮಾರುವವರ ನೋಂದಣಿಯೂ ಅದೇ ಇಲಾಖೆಯಲ್ಲಿ. ಕ್ಲಬ್ಬಿನ ಲಾಂಛನವನ್ನು ಲೇಬಲ್ ಮೇಲೆ ಹಾಕಬೇಡಿ. ಸರಕು ಅವರದು, ಹೆಸರೂ ಅವರದೇ ಇರಬೇಕು.

## ಹಂತ 5: ಮೇಳ (ದೀಪಾವಳಿಗೆ ಎರಡು ವಾರ ಮುಂಚೆ)

ಶನಿವಾರ, ಭಾನುವಾರ ಎರಡು ದಿನ ಸಾಕು. ಆಷಾಢದಲ್ಲಿ ಮಾಡಬೇಡಿ, ಖರೀದಿ ಇರುವುದಿಲ್ಲ. ತಿಂಗಳ ಕೊನೆಯ ವಾರವನ್ನೂ ಬಿಡಿ, ಸಂಬಳದವರ ಕೈ ಖಾಲಿ.

ಜಾಗಕ್ಕೆ ದೊಡ್ಡ ಮೈದಾನಕ್ಕಿಂತ ಜನ ಹೇಗೂ ಓಡಾಡುವ ಕಡೆಯ ಸಭಾಂಗಣ ಉತ್ತಮ. ವಿದ್ಯಾನಗರ, ಪಿ.ಜೆ. ಬಡಾವಣೆ, ಎಂಸಿಸಿ ಬಿ ಬ್ಲಾಕಿನಂಥ ಕಡೆ ಸಂಜೆ ವಾಕಿಂಗ್ ಬರುವವರೇ ಗಿರಾಕಿಗಳಾಗುತ್ತಾರೆ. ಬಯಲಿನಲ್ಲಿ ಮಾಡುವುದಾದರೆ ಮಹಾನಗರ ಪಾಲಿಕೆಯ ಅನುಮತಿ, ಮೈಕಿಗೆ ಪೊಲೀಸ್ ಠಾಣೆಯ ಅನುಮತಿ, ಬೆಸ್ಕಾಂನಿಂದ ತಾತ್ಕಾಲಿಕ ಸಂಪರ್ಕ ಮೂರೂ ಬೇಕು. ಕನಿಷ್ಠ ಮೂರು ವಾರ ಮುಂಚೆ ಅರ್ಜಿ ಕೊಡಿ. ಚಿತ್ರದುರ್ಗದಲ್ಲಿ ಪಾಲಿಕೆಯ ಬದಲು ನಗರಸಭೆ, ಉಳಿದದ್ದು ಅದೇ.

ಮಳಿಗೆಯನ್ನು ಪೂರ್ತಿ ಉಚಿತ ಮಾಡಬೇಡಿ. 200 ರೂಪಾಯಿ ಠೇವಣಿ ಪಡೆದು, ಎರಡೂ ದಿನ ಕೊನೆಯವರೆಗೆ ಇದ್ದವರಿಗೆ ವಾಪಸ್ ಕೊಡಿ. ಠೇವಣಿ ಇಲ್ಲದ ಮೇಳದಲ್ಲಿ ಎರಡನೇ ದಿನ ಮಧ್ಯಾಹ್ನಕ್ಕೇ ಮೇಜು ಖಾಲಿಯಾಗುತ್ತವೆ. ಒಂದೇ ಬಗೆಯ ಸರಕಿಗೆ ಮೂರಕ್ಕಿಂತ ಹೆಚ್ಚು ಮಳಿಗೆ ಬೇಡ. ಆರು ಜನ ಚಟ್ನಿಪುಡಿಯವರು ಸಾಲಾಗಿ ಕೂತರೆ ಒಬ್ಬರ ಬೆಲೆಯನ್ನು ಇನ್ನೊಬ್ಬರು ಇಳಿಸಿ ಹಂತ 2ರ ಲೆಕ್ಕವೆಲ್ಲ ಮಣ್ಣುಪಾಲು.

ಮಂಡಕ್ಕಿ, ಮಿರ್ಚಿ, ಪಡ್ಡು ಬಿಸಿಬಿಸಿ ಮಾಡುವವರು ಸಭಾಂಗಣದ ಹೊರಗೆ ಇರಲಿ. ಸಿಲಿಂಡರಿನ ಪೈಪು, ರೆಗ್ಯುಲೇಟರನ್ನು ಹಿಂದಿನ ದಿನವೇ ನೋಡಿ, ಅಗ್ನಿನಂದಕ ಕೈಗೆಟಕುವ ದೂರದಲ್ಲಿಡಿ. ಇವರ ವಾಸನೆಗೆ ಜನ ಬರುತ್ತಾರೆ, ಆದ್ದರಿಂದ ದ್ವಾರದ ಹತ್ತಿರವೇ ಜಾಗ ಕೊಡಿ. ಆದರೆ ಬಟ್ಟೆ, ಸೀರೆಯವರ ಪಕ್ಕ ಬೇಡ. ಎಣ್ಣೆ ಹೊಗೆ ಬಟ್ಟೆಗೆ ಹಿಡಿಯುತ್ತದೆ.

ಪ್ರತಿ ಮೇಜಿನಲ್ಲಿ ಇರಬೇಕಾದದ್ದು: ದಪ್ಪಕ್ಷರದ ಬೆಲೆಪಟ್ಟಿ, ರುಚಿಗೆ ಮುಚ್ಚಳವಿರುವ ಡಬ್ಬಿ ಮತ್ತು ಚಮಚ, ಹತ್ತು ಇಪ್ಪತ್ತರ ಚಿಲ್ಲರೆ, ಮಾರಾಟ ಬರೆಯುವ ಪುಸ್ತಕ, ಆರ್ಡರ್ ಪುಸ್ತಕ, ಕ್ಯೂಆರ್ ಕೋಡ್. ಕ್ಯೂಆರ್ ಆ ಮಹಿಳೆಯ ಸ್ವಂತ ಖಾತೆಯದೇ ಆಗಿರಬೇಕು. ಗಂಡನ ಖಾತೆಗೆ ಹೋದ ಹಣ ಅವರ ವ್ಯಾಪಾರದ ದಾಖಲೆ ಆಗುವುದಿಲ್ಲ, ಹಂತ 7ರಲ್ಲಿ ಬ್ಯಾಂಕ್ ಕೇಳುವುದೇ ಆ ದಾಖಲೆ.

ಉದ್ಘಾಟನೆ ಬೆಳಿಗ್ಗೆ 10.30ಕ್ಕೆ, ಇಪ್ಪತ್ತು ನಿಮಿಷಕ್ಕೆ ಮುಗಿಯಬೇಕು. ಮಾರಾಟ ಜೋರಾಗುವುದು ಸಂಜೆ 5ರಿಂದ 8.30. ಆ ಹೊತ್ತಿಗೆ ವೇದಿಕೆಯಲ್ಲಿ ಭಾಷಣ, ಸನ್ಮಾನ ಇಟ್ಟರೆ ಮಾರುವವರನ್ನೇ ಮೇಜಿನಿಂದ ಎಬ್ಬಿಸಿ ಕರೆಯಬೇಕಾಗುತ್ತದೆ, ಮೈಕಿನ ಸದ್ದಿಗೆ ಗಿರಾಕಿಯ ಮಾತೂ ಕೇಳುವುದಿಲ್ಲ. ದಯವಿಟ್ಟು ಆ ಮೂರೂವರೆ ಗಂಟೆಯನ್ನು ಅವರಿಗೆ ಬಿಟ್ಟುಕೊಡಿ. ಇಡೀ ಮೇಳ ನಡೆಯುವುದೇ ಅದಕ್ಕಾಗಿ.

ಎಚ್ಚರಿಕೆಯ ಲಕ್ಷಣ: ಕೊಂಡವರಲ್ಲಿ ಹೆಚ್ಚಿನವರು ಕ್ಲಬ್ ಸದಸ್ಯರ ಮನೆಯವರೇ ಆಗಿದ್ದರೆ ಆ ಮಾರಾಟವನ್ನು ನಂಬಬೇಡಿ. ಪುಸ್ತಕದಲ್ಲಿ ಪರಿಚಿತರು, ಹೊರಗಿನವರು ಎಂದು ಎರಡು ಕಾಲಂ ಮಾಡಿಸಿ.

## ಹಂತ 6: ಮರು ಆರ್ಡರ್ (ಮೇಳ ಮುಗಿದ ಮರುದಿನದಿಂದ)

ಮೂರು ದಿನದೊಳಗೆ ಆರ್ಡರ್ ಪುಸ್ತಕದ ಪ್ರತಿ ನಂಬರಿಗೂ ಫೋನ್ ಹೋಗಬೇಕು. ಫೋನ್ ಮಾಡುವುದು ಮಾರಿದವರೇ, ಕ್ಲಬ್ ಸದಸ್ಯರಲ್ಲ. “ಅಕ್ಕಾರೆ, ಮೇಳದಾಗ ಅಗಸಿ ಚಟ್ನಿ ಒಯ್ದಿದ್ರಲ್ಲ, ಹೆಂಗಿತ್ತ್ರಿ? ಈ ವಾರ ಮತ್ತ ಮಾಡ್ತಿದೀನಿ” ಎಂದರೆ ಸಾಕು.

ಜೊತೆಗೆ ಪ್ರತಿಯೊಬ್ಬರಿಗೂ ಎರಡು ಅಂಗಡಿ ಪರಿಚಯಿಸಿ. ಕ್ಲಬ್ಬಿನಲ್ಲಿ ಅಂಗಡಿ, ಖಾನಾವಳಿ, ಕಲ್ಯಾಣ ಮಂಟಪ ನಡೆಸುವವರು ಇದ್ದೇ ಇರುತ್ತಾರೆ. ಅವರ ಸಂಪರ್ಕವೇ ಕ್ಲಬ್ ಕೊಡಬಹುದಾದ ದೊಡ್ಡ ನೆರವು. ಮೊದಲ ಸಲ ಹತ್ತು ಪ್ಯಾಕೆಟ್ ಮಾತ್ರ ಕೊಡಿಸಿ. ಉದ್ರಿ ಹದಿನೈದು ದಿನ ಮೀರದಂತೆ ಮೊದಲೇ ಮಾತಾಡಿಕೊಳ್ಳಿ. ಹಳೇ ಬಾಕಿ ಬರದೆ ಹೊಸ ಸರಕು ಇಳಿಸಬಾರದು, ಅಂಗಡಿಯವರು ಕ್ಲಬ್ ಸದಸ್ಯರಾದರೂ ಅಷ್ಟೇ.

ಮೂರು ತಿಂಗಳು ಮಾರಾಟ ಬರೆದುಕೊಂಡು ಹೋಗಿ. ಮೇಳದ ಹೊರತಾಗಿ ಪ್ರತಿ ತಿಂಗಳೂ ಮಾರಾಟ ಇರುವವರು ಮಾತ್ರ ಮುಂದಿನ ಹಂತಕ್ಕೆ.

## ಹಂತ 7: ಸಾಲ (ಫೆಬ್ರವರಿ, ಮಾರ್ಚ್)

ಮೊದಲು ಈಗಿರುವ ಕಂತುಗಳನ್ನು ಕೂಡಿಸಿ. ಕುಟುಂಬದ ಎಲ್ಲ ಸಾಲದ ತಿಂಗಳ ಕಂತು ಸೇರಿ ಆದಾಯದ ಅರ್ಧ ದಾಟಬಾರದು ಎಂದು ಕಿರುಸಾಲಕ್ಕೆ ರಿಸರ್ವ್ ಬ್ಯಾಂಕ್ ಮಿತಿ ಹಾಕಿದೆ. ಆ ಮಿತಿಯ ಹತ್ತಿರ ಇರುವವರಿಗೆ ಹೊಸ ಸಾಲ ಕೊಡಿಸುವುದು ಉಪಕಾರವಲ್ಲ. ಹೊಸ ಕಂತು ವ್ಯಾಪಾರದ ತಿಂಗಳ ಲಾಭದ ಮೂರನೇ ಒಂದು ಭಾಗದೊಳಗಿರಲಿ.

ಕೇಂದ್ರದ ಸಣ್ಣ ಸಾಲದ ಯೋಜನೆಯಾದ ಮುದ್ರಾದ ಶಿಶು ವಿಭಾಗದಲ್ಲಿ 50,000ದವರೆಗೆ, ಕಿಶೋರ್‌ನಲ್ಲಿ 5 ಲಕ್ಷದವರೆಗೆ ಸಾಲ ಸಿಗುತ್ತದೆ, ಅಡಮಾನ ಬೇಕಿಲ್ಲ. ರಾಜ್ಯ ಮಹಿಳಾ ಅಭಿವೃದ್ಧಿ ನಿಗಮದ ಉದ್ಯೋಗಿನಿಯಲ್ಲಿ 3 ಲಕ್ಷದವರೆಗೆ ಸಾಲವಿದೆ, ಪರಿಶಿಷ್ಟರಿಗೆ ಶೇ. 50, ಇತರರಿಗೆ ಶೇ. 30 (90,000 ಮಿತಿ) ಸಹಾಯಧನ, ಆದಾಯ ಮಿತಿ ಉಂಟು. ಸಣ್ಣ ಆಹಾರ ಸಂಸ್ಕರಣಾ ಘಟಕಗಳಿಗೆ ಕೇಂದ್ರದ ಪಿಎಂಎಫ್‌ಎಂಇ ಯೋಜನೆಯಿದೆ, ಅದರ ಶೇ. 35 ಸಹಾಯಧನಕ್ಕೆ ರಾಜ್ಯ ಇನ್ನೂ ಶೇ. 15 ಸೇರಿಸಿ ಕೊಡುತ್ತ ಬಂದಿದೆ. ದಾವಣಗೆರೆಗೆ ಸಿರಿಧಾನ್ಯ, ಚಿತ್ರದುರ್ಗಕ್ಕೆ ಶೇಂಗಾ ಆ ಯೋಜನೆಯ ಜಿಲ್ಲಾ ಉತ್ಪನ್ನ. ಅರ್ಜಿ ಈಗ ತೆರೆದಿದೆಯೇ ಎಂದು ಕೃಷಿ ಇಲಾಖೆಯಲ್ಲಿ ಕೇಳಿಕೊಂಡು ಮುಂದುವರಿಯಿರಿ. ಒಂದು ಮಾತು ಮೊದಲೇ ಬಿಡಿಸಿ ಹೇಳಿ: ಈ ಸಹಾಯಧನ ಕೈಗೆ ಬರುವ ನಗದಲ್ಲ, ಸಾಲದ ಖಾತೆಗೆ ಹೊಂದಿಕೆಯಾಗುವಂಥದ್ದು. ನಗದು ಅಂದುಕೊಂಡು ಕಂತು ತಪ್ಪಿಸಿದರೆ ಅದೂ ಹೋಗುತ್ತದೆ.

ಬ್ಯಾಂಕಿಗೆ ಹೋಗುವ ಫೈಲಿನಲ್ಲಿ ಆರು ತಿಂಗಳ ಖಾತೆ ವಿವರ, ಮಾರಾಟ ಪುಸ್ತಕದ ನಕಲು, ಉದ್ಯಮ್ ಪತ್ರ, ಎಫ್‌ಎಸ್‌ಎಸ್‌ಎಐ ಪತ್ರ, ಯಂತ್ರದ ಕೊಟೇಶನ್, ಎರಡು ಪುಟದ ಯೋಜನಾ ವರದಿ ಇರಲಿ. ಜೊತೆಗೆ ಹೋಗಿ, ಆದರೆ ಮಾತು ಅವರೇ ಆಡಲಿ. ಮುಂಚಿನ ದಿನ ಕೂರಿಸಿಕೊಂಡು ಮೂರು ಪ್ರಶ್ನೆ ಅಭ್ಯಾಸ ಮಾಡಿಸಿ: ತಿಂಗಳಿಗೆ ಎಷ್ಟು ಮಾರಾಟ, ಎಷ್ಟು ಉಳಿಯುತ್ತದೆ, ಈ ಹಣದಿಂದ ಏನು ಹೆಚ್ಚಾಗುತ್ತದೆ. ಕಮಿಷನ್ ಕೇಳುವ ಮಧ್ಯವರ್ತಿ ಯಾರೇ ಆಗಲಿ, ದೂರ ಇಡಿ.

## ಹಂತ 8: ಯಂತ್ರ (ಏಪ್ರಿಲ್)

ಈಗ ಯಾರಿಗೆ ಯಾವ ಯಂತ್ರ ಬೇಕು ಎಂದು ಮಾರಾಟ ಪುಸ್ತಕವೇ ಹೇಳುತ್ತದೆ. ಆರ್ಡರ್ ಇದ್ದೂ ಕೈಯಿಂದ ಮಾಡಿ ಪೂರೈಸಲಾಗದೆ ವಾಪಸ್ ಕಳಿಸುತ್ತಿರುವವರಿಗೆ ಮೊದಲು ಕೊಡಿ.

ಕೊಳ್ಳುವ ಮುನ್ನ ಮನೆಯ ಬೆಸ್ಕಾಂ ಬಿಲ್ ತೆಗೆದು ಮಂಜೂರಾದ ಲೋಡ್ ನೋಡಿ. 1 ಎಚ್‌ಪಿ ಮೋಟಾರ್ ಎಂದರೆ 0.746 ಕಿಲೋವ್ಯಾಟ್. 2 ಎಚ್‌ಪಿಯ ಪುಡಿ ಮಾಡುವ ಯಂತ್ರ ತಂದು 1 ಕಿಲೋವ್ಯಾಟ್ ಸಂಪರ್ಕಕ್ಕೆ ಹಾಕಿದರೆ ಲೋಡ್ ಮೀರುತ್ತದೆ, ಫ್ಯೂಸ್ ಹೋಗಬಹುದು. ಲೋಡ್ ಹೆಚ್ಚಿಸುವ ಅರ್ಜಿ ಮೊದಲು, ಯಂತ್ರ ಆಮೇಲೆ. ಹೊಲಿಗೆಯ ಪವರ್ ಮೆಷಿನ್‌ಗೆ ಕ್ಲಚ್ ಮೋಟಾರಿಗಿಂತ ಸರ್ವೋ ಮೋಟಾರ್ ಒಳ್ಳೆಯದು: ಹೊಲಿಯುವಾಗ ಮಾತ್ರ ತಿರುಗುವುದರಿಂದ ಕರೆಂಟ್ ಉಳಿಯುತ್ತದೆ, ಸದ್ದೂ ಕಡಿಮೆ. ರಿಪೇರಿ ಮಾಡುವವರು ಊರಿನಲ್ಲೇ ಇರುವ ಮಾಡೆಲ್ ಮಾತ್ರ ತೆಗೆದುಕೊಳ್ಳಿ.

ಬೆಲೆಯ ಕಾಲು ಭಾಗವನ್ನು ಅವರಿಂದ ಕಂತಿನಲ್ಲಾದರೂ ಹಾಕಿಸಿ. ಆರು ತಿಂಗಳು ಯಂತ್ರ ಕ್ಲಬ್ಬಿನ ಹೆಸರಿನಲ್ಲಿರಲಿ, ನಡೆಯುತ್ತಿದ್ದರೆ ಅವರ ಹೆಸರಿಗೆ ಬರೆದುಕೊಡಿ, ನಿಂತಿದ್ದರೆ ಪಟ್ಟಿಯಲ್ಲಿರುವ ಇನ್ನೊಬ್ಬರಿಗೆ ಕೊಡಿ. ಇದನ್ನು ಕೊಡುವ ದಿನವೇ ಒಂದು ಪುಟದಲ್ಲಿ ಕನ್ನಡದಲ್ಲಿ ಬರೆದು, ಓದಿ ಹೇಳಿ, ಸಹಿ ಮಾಡಿಸಿಕೊಳ್ಳಿ.

## ಹಂತ 9: ಹೊಸ ತಂಡಕ್ಕೆ ಒಪ್ಪಿಸುವುದು (ಮೇ)

ಜೂನ್‌ಗೆ ಬಿಡಬೇಡಿ, ಆ ತಿಂಗಳೆಲ್ಲ ಪದಗ್ರಹಣದ ತಯಾರಿಯಲ್ಲಿ ಹೋಗುತ್ತದೆ. ಮೇ ತಿಂಗಳಲ್ಲೇ ಮುಂದಿನ ಅಧ್ಯಕ್ಷರನ್ನೂ ಕಾರ್ಯದರ್ಶಿಯನ್ನೂ ಕರೆದುಕೊಂಡು ಹದಿನೈದು ಮನೆಗೂ ಒಮ್ಮೆ ಹೋಗಿ ಬನ್ನಿ. ಒಬ್ಬೊಬ್ಬರ ಫೈಲಿನ ಮೊದಲ ಪುಟದಲ್ಲಿ ಐದು ಸಾಲು ಇರಲಿ: ಈಗಿನ ತಿಂಗಳ ಮಾರಾಟ, ಉಳಿದಿರುವ ಸಾಲ, ಎಫ್‌ಎಸ್‌ಎಸ್‌ಎಐ ನವೀಕರಣದ ದಿನಾಂಕ, ಸರಕು ಹೋಗುವ ಅಂಗಡಿಗಳು, ಮುಂದೆ ಆಗಬೇಕಾದ ಒಂದೇ ಒಂದು ಕೆಲಸ. ಠೇವಣಿ, ಕವರ್ ಖರೀದಿ, ಯಂತ್ರದ ಕಂತಿನ ಲೆಕ್ಕವನ್ನು ಕ್ಲಬ್ಬಿನ ಸಾಮಾನ್ಯ ಲೆಕ್ಕದಿಂದ ಬೇರೆಯಾಗಿಯೇ ಮುಚ್ಚಿ, ಉಳಿದ ಹಣವನ್ನು ಅದೇ ಶೀರ್ಷಿಕೆಯಲ್ಲಿ ಮುಂದಿನ ವರ್ಷಕ್ಕೆ ತೆಗೆದುಕೊಂಡು ಹೋಗಲು ಸಭೆಯಲ್ಲಿ ಠರಾವು ಮಾಡಿಸಿ. ಹೊಸ ಹದಿನೈದು ಜನರ ಆಯ್ಕೆಗೆ ಹೋಗುವಾಗ ಹಳೆಯವರಲ್ಲಿ ಇಬ್ಬರನ್ನು ಜೊತೆಗೆ ಕರೆದುಕೊಂಡು ಹೋಗಿ. ಬೆಲೆ ಲೆಕ್ಕವನ್ನು ಅವರೇ ಕಲಿಸಲಿ.